ಉಂಡ ಮೇಲೆ ಬರುವ ನೋವು: ದಾವಣಗೆರೆಯ ಒಂದು ರಕ್ತನಾಳ ಉರಿಯೂತದ ಪ್ರಕರಣ

ಹಿನ್ನೆಲೆ

ಚನ್ನಗಿರಿ ಸೀಮೆಯ ನಲವತ್ತೆರಡು ವರ್ಷದ ಅಡಿಕೆ ಖೇಣಿದಾರರೊಬ್ಬರು (ತೋಟದ ಫಸಲನ್ನು ಗುತ್ತಿಗೆ ಹಿಡಿಯುವವರು) ನಾಲ್ಕೂವರೆ ತಿಂಗಳಿಂದ ಬಿಡದ ಹೊಟ್ಟೆನೋವು ಮತ್ತು ಹನ್ನೆರಡು ಕೆ.ಜಿ. ತೂಕ ಇಳಿದಿರುವ ದೂರಿನೊಂದಿಗೆ ದಾವಣಗೆರೆಯ ಬೋಧನಾ ಆಸ್ಪತ್ರೆಯೊಂದರ ಮೆಡಿಸಿನ್ ವಾರ್ಡಿಗೆ ದಾಖಲಾದರು. ಅವರ ಮತ್ತು ಅವರ ಪತ್ನಿಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಯಸ್ಸು, ಊರು ಮತ್ತು ಮನೆಯ ಕೆಲವು ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಇಲ್ಲಿ ದಾಖಲಿಸಲಾಗಿದೆ. ಲಕ್ಷಣಗಳು ಕಾಣಿಸಿಕೊಂಡ ಕ್ರಮ ಮತ್ತು ಒಂದೊಂದು ಹಂತದಲ್ಲಿ ಯಾವ ಆಧಾರದ ಮೇಲೆ ಏನು ತೀರ್ಮಾನವಾಯಿತು ಎಂಬುದನ್ನು ಮಾತ್ರ ಇದ್ದಂತೆಯೇ ಉಳಿಸಿಕೊಳ್ಳಲಾಗಿದೆ.

ಕೊಯ್ಲಿನ ಕಾಲದಲ್ಲಿ ಬೆಳಗಿನ ಜಾವಕ್ಕೇ ತೋಟಕ್ಕೆ ಹೋಗುವುದು, ಸಂಜೆ ಅಡಿಕೆ ಬೇಯಿಸುವಲ್ಲಿ ನಿಲ್ಲುವುದು, ನಡುವೆ ಸಿಕ್ಕ ಹೊತ್ತಿಗೆ ಸಿಕ್ಕಷ್ಟು ಉಣ್ಣುವುದು, ದಿನವಿಡೀ ಎಲೆಅಡಿಕೆ ಮತ್ತು ಚಹಾ. ಇಂಥ ದಿನಚರಿಯವರು ಹೊಟ್ಟೆನೋವು ಎಂದರೆ ನಮ್ಮ ಕಡೆ ಯಾರ ಬಾಯಲ್ಲಾದರೂ ಮೊದಲು ಬರುವ ಮಾತು ‘ಗ್ಯಾಸ್ಟ್ರಿಕ್’. ಅವರೂ ಹಾಗೆಯೇ ತಿಳಿದು ಮೆಡಿಕಲ್ ಅಂಗಡಿಯಿಂದ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಮಾತ್ರೆ ತಂದು ನುಂಗಿದರು. ಕಡಿಮೆಯಾಗದಿದ್ದಾಗ, ಬಟ್ಟಿ ಬಿದ್ದಿದೆ ಎಂದು ಯಾರೋ ಹೇಳಿದರೆಂದು ಎರಡು ಸಲ ಹೊಟ್ಟೆ ತಿಕ್ಕಿಸಿಕೊಂಡರು. ಹೊಟ್ಟೆಯೊಳಗಿನ ಅಪಧಮನಿಗಳ ಸ್ಥಿತಿ ಆಗ ಹೇಗಿದ್ದಿರಬಹುದು ಎಂಬುದನ್ನು ಈಗ ನೆನೆದರೆ, ಆ ತಿಕ್ಕಿಸಿಕೊಳ್ಳುವಿಕೆಯಿಂದ ಹೆಚ್ಚಿನ ಅನಾಹುತವಾಗದೆ ಹೋದದ್ದು ಅದೃಷ್ಟವೆಂದೇ ಹೇಳಬೇಕು.

ಆಮೇಲೆ ಕ್ರಮಬದ್ಧವಾದ ಪರೀಕ್ಷೆಗಳೇ ನಡೆದವು. ಎಂಡೋಸ್ಕೋಪಿಯಲ್ಲಿ ಜಠರದ ಒಳಪದರ ಸ್ವಲ್ಪ ಕೆಂಪಾಗಿದ್ದುದನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ಅಲ್ಟ್ರಾಸೌಂಡ್ ಸಹಜವಾಗಿತ್ತು. ಸಿ.ಟಿ. ಸ್ಕ್ಯಾನಿನಲ್ಲಿ ಸಣ್ಣಕರುಳಿನ ಕೊನೆಯ ಭಾಗದ ಗೋಡೆ ದಪ್ಪವಾಗಿರುವುದು ಕಂಡಿತು. ಕೊಲೊನೋಸ್ಕೋಪಿ ಮಾಡಿ ತೆಗೆದ ಚೂರುಗಳಲ್ಲಿ ನಿರ್ದಿಷ್ಟ ಕಾಯಿಲೆಯ ಗುರುತಿಲ್ಲದ ಉರಿಯೂತವಿತ್ತು. ಸಿಬಿನ್ಯಾಟ್ ಪರೀಕ್ಷೆಯಲ್ಲಿ ಕ್ಷಯದ ರೋಗಾಣು ಸಿಗಲಿಲ್ಲ. ತೂಕ ಇಳಿದಿದೆ, ಮೈಯಲ್ಲಿ ಉರಿಯೂತವಿರುವುದನ್ನು ಸೂಚಿಸುವ ಇ.ಎಸ್.ಆರ್. 88 ಇದೆ, ಕರುಳಿನ ಗೋಡೆ ದಪ್ಪವಾಗಿದೆ ಎಂಬ ಮೂರು ಸಂಗತಿಗಳನ್ನು ಒಟ್ಟಿಗೆ ನೋಡಿದ ವೈದ್ಯರು ಕರುಳಿನ ಕ್ಷಯವಿರಬಹುದೆಂದು ಕ್ಷಯದ ಔಷಧಿಗಳನ್ನು ಆರಂಭಿಸಿದರು.

ಈ ತೀರ್ಮಾನವನ್ನು ಹಗುರವಾಗಿ ಟೀಕಿಸುವಂತಿಲ್ಲ. ಕರುಳಿನ ಕ್ಷಯ ನಮ್ಮಲ್ಲಿ ಅಪರೂಪದ ಕಾಯಿಲೆಯಲ್ಲ, ರೋಗಾಣು ಸಿಗದೆಯೂ ಚಿಕಿತ್ಸೆ ಆರಂಭಿಸಬೇಕಾಗುವ ಸಂದರ್ಭಗಳು ಬರುತ್ತಲೇ ಇರುತ್ತವೆ. ಆದರೆ ಕ್ಷಯದಿಂದ ಕರುಳು ಕಿರಿದಾಗಿ ಉಂಡ ಮೇಲೆ ನೋವು ಬರುವವರಲ್ಲಿ ಸಾಮಾನ್ಯವಾಗಿ ಹೊಟ್ಟೆ ಉಬ್ಬರಿಸುತ್ತದೆ, ಗುಡುಗುಡು ಸದ್ದು ಬರುತ್ತದೆ, ವಾಂತಿಯಾದರೆ ಅಥವಾ ಗಾಳಿ ಹೋದರೆ ನೋವು ಇಳಿಯುತ್ತದೆ. ಈ ರೋಗಿಗೆ ಅವು ಯಾವುವೂ ಇರಲಿಲ್ಲ. ಊಟವಾದ ಅರ್ಧ ಮುಕ್ಕಾಲು ಗಂಟೆಗೆ ಹೊಕ್ಕುಳ ಸುತ್ತ ಹಿಂಡುವ ನೋವು ಶುರುವಾಗಿ ಎರಡು ಗಂಟೆಯಷ್ಟು ಕಾಡಿ ತಾನಾಗಿ ತಗ್ಗುತ್ತಿತ್ತು. ಹೆಚ್ಚು ಉಂಡ ದಿನ ಹೆಚ್ಚು, ಉಪವಾಸವಿದ್ದ ದಿನ ಬಹುತೇಕ ಇಲ್ಲ. ಒಂದು ಮುದ್ದೆ ಅರ್ಧವಾಯಿತು, ಅರ್ಧ ಮುದ್ದೆ ಗಂಜಿಯಾಯಿತು, ಕೊನೆಗೆ ಊಟದ ಹೊತ್ತಾದರೆ ಮನೆಯಿಂದ ಎದ್ದು ಹೊರಗೆ ಹೋಗತೊಡಗಿದರು. ಅವರಿಗೆ ಹಸಿವು ಇತ್ತು, ಉಣ್ಣಲು ಹೆದರಿಕೆಯಾಗುತ್ತಿತ್ತು ಎಂಬುದು ಹಿಂದಿನ ಯಾವ ಚೀಟಿಯಲ್ಲೂ ಇರಲಿಲ್ಲ. ಎಲ್ಲ ಚೀಟಿಗಳಲ್ಲೂ ‘ಹಸಿವಿಲ್ಲ’ ಎಂದೇ ಬರೆದಿತ್ತು.

ಕ್ಷಯದ ಔಷಧಿ ಆರಂಭಿಸಿದ ಮೂರನೆಯ ವಾರ ಓಕರಿಕೆ ಹೆಚ್ಚಾಗಿ ರಕ್ತ ಪರೀಕ್ಷೆ ಮಾಡಿಸಿದಾಗ ಯಕೃತ್ತಿನ ಎ.ಎಲ್.ಟಿ. ಕಿಣ್ವ 240ಕ್ಕೆ ಏರಿತ್ತು. ಇದು ಸಹಜ ಮಿತಿಯ ಐದು ಪಟ್ಟಿಗಿಂತ ಹೆಚ್ಚಾದ್ದರಿಂದ ಔಷಧಿಗಳನ್ನು ನಿಲ್ಲಿಸಲಾಯಿತು. ಜೊತೆಗೆ ಮಾಡಿಸಿದ ಹೆಪಟೈಟಿಸ್ ಬಿ ಪರೀಕ್ಷೆ ಪಾಸಿಟಿವ್ ಬಂತು. ‘ಔಷಧಿಯಿಂದಾದ ಯಕೃತ್ತಿನ ತೊಂದರೆ, ಹೆಪಟೈಟಿಸ್ ಬಿ ವಾಹಕ, ಕರುಳಿನ ಕ್ಷಯ’ ಎಂಬ ಮೂರು ರೋಗನಿರ್ಣಯಗಳನ್ನು ಹೊತ್ತು ಅವರು ದಾವಣಗೆರೆಗೆ ಬಂದರು.

ವಾರ್ಡಿನಲ್ಲಿ ಕಂಡದ್ದು

ದಾಖಲಾದ ದಿನ ರಕ್ತದೊತ್ತಡ 170/112 ಇತ್ತು. ಹಿಂದಿನ ಒಂದು ಚೀಟಿಯಲ್ಲೂ 160/100 ಎಂದು ಬರೆದು ಪಕ್ಕದಲ್ಲಿ ‘ನೋವಿನಿಂದ’ ಎಂದು ಸೇರಿಸಲಾಗಿತ್ತು. ನೋವಿಲ್ಲದ ಬೆಳಗಿನ ಹೊತ್ತಿನಲ್ಲಿ, ಮಲಗಿ ವಿಶ್ರಮಿಸಿದ ಮೇಲೆ ಅಳೆದಾಗಲೂ ಅದು 166ಕ್ಕಿಂತ ಕೆಳಗೆ ಇಳಿಯಲಿಲ್ಲ. ತಿಂಗಳುಗಟ್ಟಲೆ ಸರಿಯಾಗಿ ಉಣ್ಣದೆ ಹನ್ನೆರಡು ಕೆ.ಜಿ. ಇಳಿದ ಮನುಷ್ಯನ ರಕ್ತದೊತ್ತಡ ಕಡಿಮೆಯಾಗಬೇಕಿತ್ತು. ಏರಿದೆ ಎಂದರೆ ಅದಕ್ಕೆ ಬೇರೆಯೇ ಕಾರಣ ಹುಡುಕಬೇಕು.

ಮರುದಿನ ರೌಂಡ್ಸ್ ಮುಗಿಯುವ ಹೊತ್ತಿಗೆ ರೋಗಿಯ ಪತ್ನಿ ಹಿಂಜರಿಯುತ್ತಲೇ ಒಂದು ಮಾತು ಹೇಳಿದರು: “ಸಾರ್, ಇವ್ರ ಎಡಗಾಲಿನ ಚಪ್ಲಿ ನಡೀತಾ ನಡೀತಾ ಕಳಚಿ ಬಿದ್ದುಬಿಡುತ್ತೆ. ಹಿಂದೆ ಬರೋ ನಾನು ಎತ್ಕೊಂಡು ಕೊಡ್ಬೇಕು, ಇವ್ರಿಗೆ ಗೊತ್ತೇ ಆಗಲ್ಲ.” ಹೊಟ್ಟೆಗೂ ಚಪ್ಪಲಿಗೂ ಏನು ಸಂಬಂಧವೆಂದು ಅದುವರೆಗೆ ಅವರು ಯಾರ ಬಳಿಯೂ ಹೇಳಿರಲಿಲ್ಲ, ನಿಶ್ಶಕ್ತಿಯಿಂದ ಹಾಗಾಗುತ್ತಿದೆ ಎಂದುಕೊಂಡಿದ್ದರು. ರೋಗಿಯನ್ನು ಮಂಚದ ಅಂಚಿನಲ್ಲಿ ಕೂರಿಸಿ ಪಾದ ಮೇಲೆತ್ತಲು ಹೇಳಿದಾಗ ಬಲಪಾದ ಎದ್ದಿತು, ಎಡಪಾದ ಜೋತುಬಿದ್ದೇ ಇತ್ತು. ಎಡಪಾದದ ಮೇಲ್ಭಾಗದಲ್ಲಿ ಸೂಜಿಯ ಚುಚ್ಚು ಮಂದವಾಗಿತ್ತು. ಬಲಗೈಯ ಕಿರುಬೆರಳು ಮತ್ತು ಅದರ ಪಕ್ಕದ ಅರ್ಧ ಬೆರಳಿಗೂ ಹಾಗೆಯೇ ಜೋಮು ಹಿಡಿದಿತ್ತು. ಒಂದು ಕಾಲಿನ ಒಂದು ನರ, ಇನ್ನೊಂದು ಬದಿಯ ಕೈಯ ಒಂದು ನರ. ಪೌಷ್ಟಿಕಾಂಶದ ಕೊರತೆಯಿಂದಾಗಲಿ ಸಕ್ಕರೆ ಕಾಯಿಲೆಯಿಂದಾಗಲಿ ನರಗಳು ಸೊರಗಿದರೆ ಸಾಮಾನ್ಯವಾಗಿ ಎರಡೂ ಪಾದಗಳಿಂದ ಸಮನಾಗಿ ಆರಂಭವಾಗುತ್ತದೆ. ಹೀಗೆ ಅಲ್ಲೊಂದು ಇಲ್ಲೊಂದು ನರ ಬಿಡಿಬಿಡಿಯಾಗಿ ಕೈಕೊಟ್ಟರೆ ಆಯಾ ನರಕ್ಕೆ ರಕ್ತ ಒಯ್ಯುವ ಸಣ್ಣ ಅಪಧಮನಿ ಮುಚ್ಚಿಕೊಂಡಿದೆಯೇ ಎಂದು ಮೊದಲು ನೋಡಬೇಕು.

ಆ ಬಳಿಕ ಪತ್ನಿಯನ್ನು ಹೊರಗೆ ಕಳುಹಿಸಿ ಕೇಳಿದ ಪ್ರಶ್ನೆಗೆ ಅವರು ತಲೆ ತಗ್ಗಿಸಿಕೊಂಡು ಉತ್ತರಿಸಿದರು. ಮೂರು ತಿಂಗಳ ಹಿಂದೆ ಬಲ ವೃಷಣದಲ್ಲಿ ಹತ್ತು ದಿನ ವಿಪರೀತ ನೋವಿತ್ತು, ನಾಚಿಕೆಯಿಂದ ಮನೆಯಲ್ಲೂ ಹೇಳದೆ ಮಾತ್ರೆ ನುಂಗಿ ಸುಮ್ಮನಾಗಿದ್ದರು. ಮೀನಖಂಡದ ಚರ್ಮದ ಮೇಲೆ ಬಲೆಬಲೆಯಾದ ನೇರಳೆ ಗುರುತುಗಳಿದ್ದವು. ಕಪ್ಪು ಮೈಬಣ್ಣದವರಲ್ಲಿ ಇವು ಟ್ಯೂಬ್‌ಲೈಟಿನ ಬೆಳಕಿನಲ್ಲಿ ಕಾಣುವುದೇ ಇಲ್ಲ. ರೋಗಿಯನ್ನು ಕಿಟಕಿಯ ಬಳಿ ನಿಲ್ಲಿಸಿದ ಮೇಲೆ ಕಂಡವು.

ಹೊಟ್ಟೆ, ರಕ್ತದೊತ್ತಡ, ನರ, ವೃಷಣ, ಚರ್ಮ. ಈ ಐದಕ್ಕೂ ರಕ್ತ ಪೂರೈಸುವ ಮಧ್ಯಮ ಗಾತ್ರದ ಅಪಧಮನಿಗಳಲ್ಲಿ ಉರಿಯೂತವಿದೆ ಎಂದುಕೊಂಡರೆ ಎಲ್ಲವನ್ನೂ ಒಂದೇ ಕಾಯಿಲೆಯಾಗಿ ಓದಬಹುದಾಗಿತ್ತು. ಆ ಕಾಯಿಲೆಯ ಹೆಸರು ಪಾಲಿಆರ್ಟರೈಟಿಸ್ ನೋಡೋಸಾ. 1866ರಲ್ಲಿ ಜರ್ಮನಿಯ ಕುಸ್‌ಮೌಲ್ ಮತ್ತು ಮೇಯರ್ ಇದನ್ನು ಮೊದಲು ವಿವರವಾಗಿ ವರ್ಣಿಸಿದರು. ಕೆಲವರಲ್ಲಿ ಹೆಪಟೈಟಿಸ್ ಬಿ ವೈರಾಣುವೇ ಇದಕ್ಕೆ ಮೂಲವೆಂಬುದು 1970ರ ಹೊತ್ತಿಗೆ ಬೆಳಕಿಗೆ ಬಂತು. ವೈರಾಣುವಿನ ಅಂಶ ಮತ್ತು ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳು ಕೂಡಿಕೊಂಡು ಅಪಧಮನಿಯ ಗೋಡೆಯಲ್ಲಿ ಕುಳಿತು ಅಲ್ಲಿ ಉರಿಯೂತ ಎಬ್ಬಿಸುತ್ತವೆ. ಗೋಡೆ ಊದಿ ಒಳದಾರಿ ಕಿರಿದಾದ ಕಡೆ ರಕ್ತ ಸಾಲದೆ ಬರುತ್ತದೆ. ಗೋಡೆ ಸಡಿಲಾದ ಕಡೆ ಸಣ್ಣ ಗುಳ್ಳೆಯಾಗಿ ಉಬ್ಬುತ್ತದೆ. ಉಂಡ ಮೇಲೆ ಕರುಳಿಗೆ ಹೆಚ್ಚು ರಕ್ತ ಬೇಕು, ಕಿರಿದಾದ ನಾಳ ಅದನ್ನು ಕೊಡಲಾರದು. ನೋವು ಬರುವುದು ಆ ಹೊತ್ತಿಗೆ. ಮೂತ್ರಪಿಂಡದ ಅಪಧಮನಿಗಳಿಗೂ ಇದೇ ಗತಿಯಾದರೆ ರಕ್ತದೊತ್ತಡ ಏರುತ್ತದೆ.

‘ವಾಹಕ’ ಎಂದು ಬದಿಗಿಟ್ಟಿದ್ದ ಹೆಪಟೈಟಿಸ್ ಬಿ ಹೀಗೆ ಪ್ರಕರಣದ ನಡುವಿಗೆ ಬಂತು. ನಮ್ಮ ದೇಶದಲ್ಲಿ ನೂರಕ್ಕೆ ಸುಮಾರು ಮೂರು ಜನರಲ್ಲಿ ಈ ವೈರಾಣು ಇರುವುದರಿಂದ, ಪಾಸಿಟಿವ್ ಬಂದ ಮಾತ್ರಕ್ಕೆ ಅದೇ ಕಾರಣವೆನ್ನಲು ಬರುವುದಿಲ್ಲ. ಆದರೆ ಈ ರೋಗಿಯಲ್ಲಿ, ವೈರಾಣು ಬೆಳೆಯುತ್ತಿರುವುದನ್ನು ಸೂಚಿಸುವ ಎಚ್‌ಬಿಇ ಆ್ಯಂಟಿಜನ್ ಪಾಸಿಟಿವ್ ಇತ್ತು, ರಕ್ತದಲ್ಲಿ ವೈರಾಣುವಿನ ಪ್ರಮಾಣವೂ ಬಹಳ ಹೆಚ್ಚಿತ್ತು. ವೈರಾಣು ಬಿರುಸಾಗಿ ಬೆಳೆಯುತ್ತಿತ್ತು. ವರ್ಷದ ಹಿಂದೆ ರಕ್ತದಾನ ಮಾಡಿದ್ದಾಗ ಇದೇ ಪರೀಕ್ಷೆ ನೆಗೆಟಿವ್ ಇದ್ದುದರಿಂದ ಸೋಂಕು ಹೊಸದೆಂಬುದೂ ಖಚಿತವಾಯಿತು. ವೈರಾಣುವಿನಿಂದ ಬರುವ ಈ ಕಾಯಿಲೆ ಹೆಚ್ಚಾಗಿ ಸೋಂಕು ತಗುಲಿದ ಮೊದಲ ವರ್ಷದೊಳಗೇ ಕಾಣಿಸಿಕೊಳ್ಳುತ್ತದೆ.

ಯಾವ ಪರೀಕ್ಷೆ, ಯಾವುದು ಬೇಡ

ಕೆಲವು ಬಗೆಯ ರಕ್ತನಾಳ ಉರಿಯೂತಗಳಲ್ಲಿ ಕಾಣುವ ಪ್ರತಿಕಾಯವನ್ನು ಹುಡುಕುವ ಎ.ಎನ್.ಸಿ.ಎ. ಪರೀಕ್ಷೆ ನೆಗೆಟಿವ್ ಬಂತು. ಇಲ್ಲಿ ಗೊಂದಲಕ್ಕೆ ಅವಕಾಶವಿದೆ, ಏಕೆಂದರೆ ರಕ್ತನಾಳದ ಉರಿಯೂತಕ್ಕೆ ಅದೊಂದೇ ಪರೀಕ್ಷೆ ಎಂದು ಭಾವಿಸಿ, ನೆಗೆಟಿವ್ ಬಂದೊಡನೆ ಆ ದಾರಿಯನ್ನೇ ಕೈಬಿಡುವುದುಂಟು. ಪಾಲಿಆರ್ಟರೈಟಿಸ್ ನೋಡೋಸಾದಲ್ಲಿ ಅದು ನೆಗೆಟಿವ್ ಇರುವುದೇ ವಾಡಿಕೆ. ಮೂತ್ರದಲ್ಲಿ ಕೆಂಪು ರಕ್ತಕಣಗಳು ಇರಲಿಲ್ಲ, ಮೂತ್ರಪಿಂಡದ ಕೆಲಸ ಕುಗ್ಗಿದರೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ಮಾತ್ರ 1.5 ಇತ್ತು. ಈ ಕಾಯಿಲೆ ಮೂತ್ರಪಿಂಡದ ಸೋಸುಗಗಳನ್ನು ಕಾಡದೆ ಅದಕ್ಕೆ ಹೋಗುವ ನಾಳಗಳನ್ನು ಹಿಡಿಯುವುದರಿಂದ ಈ ಜೋಡಿ ಫಲಿತಾಂಶ ಹೊಂದಿಕೆಯಾಗುತ್ತಿತ್ತು.

ಮೂತ್ರಪಿಂಡದ ಬಯಾಪ್ಸಿ ಮಾಡಿಸೋಣವೇ ಎಂಬ ಚರ್ಚೆ ನಡೆದು, ಬೇಡವೆಂದು ತೀರ್ಮಾನವಾಯಿತು. ಒಳಗೆ ಉಬ್ಬಿದ ಅಪಧಮನಿಗಳಿದ್ದರೆ ಸೂಜಿ ಹಾಕಿದಾಗ ನಿಲ್ಲದ ರಕ್ತಸ್ರಾವವಾಗಬಹುದು. ಇದೇ ಕಾರಣಕ್ಕೆ ಯಕೃತ್ತಿನ ಬಯಾಪ್ಸಿಯನ್ನೂ ಮುಂದೂಡಲಾಯಿತು. ಮೊದಲು ನಾಳಗಳ ಚಿತ್ರ ನೋಡಬೇಕು, ಸೂಜಿಯ ವಿಚಾರ ಆಮೇಲೆ.

ಹಳೆಯ ಸಿ.ಟಿ. ಸ್ಕ್ಯಾನಿನ ಸಿ.ಡಿ.ಯನ್ನು ರೇಡಿಯಾಲಜಿಯವರ ಮುಂದಿಟ್ಟಾಗ ಅವರು ಹೇಳಿದ್ದು ಮುಖ್ಯವಾದ ಮಾತು. ಬಣ್ಣದ ಔಷಧಿ ಅಭಿಧಮನಿಗಳಿಗೆ ತಲುಪಿದ ಮೇಲೆ ತೆಗೆದ ಚಿತ್ರಗಳು ಅವು. ಕರುಳಿನ ಗೋಡೆ ನೋಡಲು ಆ ಹೊತ್ತು ಸರಿ, ಅಪಧಮನಿ ನೋಡಲು ತಡವಾಯಿತು. ಸ್ಕ್ಯಾನಿನ ಕೋರಿಕೆಯಲ್ಲಿ ‘ಹೊಟ್ಟೆನೋವು’ ಎಂದಷ್ಟೇ ಬರೆದಿದ್ದರಿಂದ ಅವರೂ ಹಾಗೆಯೇ ತೆಗೆದಿದ್ದರು. ಕ್ರಿಯಾಟಿನಿನ್ ಏರಿದ್ದರೂ ಸಾಕಷ್ಟು ದ್ರವ ಕೊಟ್ಟು, ಅಪಧಮನಿಗಳನ್ನೇ ತೋರಿಸುವ ಸಿ.ಟಿ. ಆಂಜಿಯೋಗ್ರಾಮ್ ಮಾಡಿಸಲಾಯಿತು. ಕರುಳಿಗೆ ಹೋಗುವ ಮೇಲಿನ ಅಪಧಮನಿಯ ಕವಲುಗಳು ಅಲ್ಲಲ್ಲಿ ಕಿರಿದಾಗಿ, ಅಲ್ಲಲ್ಲಿ ಉಬ್ಬಿ, ಮಣಿ ಪೋಣಿಸಿದ ದಾರದಂತೆ ಕಂಡವು. ಎರಡೂ ಮೂತ್ರಪಿಂಡಗಳ ಕವಲುಗಳಲ್ಲಿಯೂ ಎರಡು ಮೂರು ಮಿ.ಮೀ. ಗಾತ್ರದ ಗುಳ್ಳೆಗಳಿದ್ದವು.

ಚಿಕಿತ್ಸೆಯ ಕ್ರಮ ಮತ್ತು ಒಂದು ರಾತ್ರಿ

ವೈರಾಣುವಿಲ್ಲದೆ ಬರುವ ಪಾಲಿಆರ್ಟರೈಟಿಸ್‌ನಲ್ಲಿ ಕರುಳು ಸಿಲುಕಿದ್ದರೆ ಸ್ಟೀರಾಯ್ಡ್ ಜೊತೆಗೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಸೈಕ್ಲೋಫಾಸ್ಫಮೈಡ್ ಕೊಡುವುದು ರೂಢಿ. ಹೆಪಟೈಟಿಸ್ ಬಿ ಇರುವವರಿಗೆ ಅದನ್ನೇ ತಿಂಗಳುಗಟ್ಟಲೆ ಕೊಟ್ಟರೆ ರೋಗನಿರೋಧಕ ಶಕ್ತಿ ಕುಗ್ಗಿ ವೈರಾಣು ಇನ್ನಷ್ಟು ಹೆಚ್ಚುತ್ತದೆ. ಕಾಯಿಲೆಯ ಬೇರಿಗೇ ನೀರೆರೆದಂತೆ. ಆದ್ದರಿಂದ ಇಲ್ಲಿ ಕ್ರಮ ಬೇರೆ: ಉರಿಯೂತದ ಭರ ತಗ್ಗಿಸಲು ಸ್ವಲ್ಪ ಕಾಲ ಮಾತ್ರ ಸ್ಟೀರಾಯ್ಡ್, ಮೊದಲ ದಿನದಿಂದಲೇ ವೈರಾಣು ನಿಗ್ರಹಿಸುವ ಔಷಧಿ, ರಕ್ತದಲ್ಲಿ ಸುತ್ತುತ್ತಿರುವ ಪ್ರತಿಕಾಯದ ಸಂಯುಕ್ತಗಳನ್ನು ತೆಗೆಯಲು ಪ್ಲಾಸ್ಮಾ (ರಕ್ತದ ದ್ರವಭಾಗ) ಬದಲಾವಣೆ. ವೈರಾಣುವಿನ ಔಷಧಿಗಳಲ್ಲಿ, ಮೂತ್ರಪಿಂಡದ ಸ್ಥಿತಿ ನೋಡಿ ಟೆನೊಫೊವಿರ್ ಬದಲು ಎಂಟೆಕಾವಿರ್ ಆರಿಸಿಕೊಳ್ಳಲಾಯಿತು. ಕರುಳು ಔಷಧಿಯನ್ನು ಸರಿಯಾಗಿ ಹೀರುತ್ತದೆಂಬ ಭರವಸೆ ಇಲ್ಲದ್ದರಿಂದ ಸ್ಟೀರಾಯ್ಡನ್ನು ರಕ್ತನಾಳದ ಮೂಲಕವೇ ಕೊಡಲಾಯಿತು. ರಕ್ತದೊತ್ತಡಕ್ಕೆ ಆಮ್ಲೊಡಿಪಿನ್ ಸಾಕಾಯಿತು.

ಮೂರು ದಿನಗಳಲ್ಲಿ ನೋವು ಬಹಳ ತಗ್ಗಿ, ರೋಗಿ ಗಂಜಿಯ ಜೊತೆ ಒಂದಿಷ್ಟು ಅನ್ನ ಕೇಳಿ ಪಡೆದರು. ನಾಲ್ಕನೆಯ ರಾತ್ರಿ ಹನ್ನೊಂದರ ಸುಮಾರಿಗೆ ಹೊಟ್ಟೆ ಸ್ವಲ್ಪ ಹಿಡಿದಂತಿದೆ ಎಂದರು. ಡ್ಯೂಟಿಯಲ್ಲಿದ್ದ ಪಿ.ಜಿ. ವಿದ್ಯಾರ್ಥಿನಿ ಹೊಟ್ಟೆ ಮುಟ್ಟಿ ನೋಡಿದಾಗ ಮೆತ್ತಗೇ ಇತ್ತು, ಒತ್ತಿದರೆ ಅಂಥ ನೋವೂ ಇರಲಿಲ್ಲ. ಆದರೂ ಆಕೆ ಅರ್ಧ ಗಂಟೆಗೊಮ್ಮೆ ನಾಡಿ ಬರೆದಿಟ್ಟರು: 92, 104, 118. ರಕ್ತದೊತ್ತಡ 104/70. ಆರೋಗ್ಯವಂತರಿಗೆ ಇದು ಸಹಜವೆನಿಸಬಹುದು, 170 ಇದ್ದವರಿಗೆ ಅಲ್ಲ. ಕರುಳು ತೂತಾದಾಗ ಹೊಟ್ಟೆ ಮರದ ಹಲಗೆಯಾಗಬೇಕೆಂದು ಪುಸ್ತಕ ಹೇಳುತ್ತದೆ. ಸ್ಟೀರಾಯ್ಡ್ ಪಡೆಯುತ್ತಿರುವವರಲ್ಲಿ ಆ ಪ್ರತಿಕ್ರಿಯೆಯೇ ಮಂಕಾಗುತ್ತದೆ. ನಿಲ್ಲಿಸಿ ತೆಗೆದ ಎದೆಯ ಎಕ್ಸ್‌ರೇಯಲ್ಲಿ ಬಲ ವಪೆಯ ಕೆಳಗೆ ತೆಳುವಾದ ಗಾಳಿಯ ಗೆರೆ ಕಂಡಿತು, ಕರುಳು ತೂತಾಗಿ ಗಾಳಿ ಹೊರಬಂದಿದೆ ಎಂಬುದರ ಗುರುತು. ಬೆಳಗಾಗಲಿ ಎಂದು ಕಾಯುವ ವಿಚಾರವನ್ನು ಸರ್ಜನ್ ಒಪ್ಪಲಿಲ್ಲ. ಆ ರಾತ್ರಿ ಬರೆದಿಟ್ಟ ಮೂರು ಅಂಕಿಗಳು ಇಲ್ಲದಿದ್ದರೆ ಎಕ್ಸ್‌ರೇಯೇ ಆಗುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಹೊಟ್ಟೆ ತೆರೆದು ನೋಡಿದಾಗ ಸಣ್ಣಕರುಳಿನ ಸುಮಾರು 40 ಸೆಂ.ಮೀ. ಭಾಗ ಕಪ್ಪಾಗಿ, ಒಂದೆಡೆ 4 ಮಿ.ಮೀ. ತೂತಾಗಿತ್ತು. ಸತ್ತ ಭಾಗವನ್ನು ತೆಗೆದ ಮೇಲೆ ಎರಡು ತುದಿಗಳನ್ನು ಕೂಡಿಸುವುದೋ ಬೇಡವೋ ಎಂಬ ಪ್ರಶ್ನೆ ಎದುರಾಯಿತು. ಉಳಿದ ಕರುಳು ನೋಡಲು ಚೆನ್ನಾಗಿತ್ತು, ಆದರೆ ಅದಕ್ಕೆ ರಕ್ತ ತರುವ ನಾಳಗಳೂ ಅದೇ ಕಾಯಿಲೆಯವು. ಹೊಲಿಗೆ ಕೂಡಿಕೊಳ್ಳುತ್ತದೆಂಬ ನಂಬಿಕೆ ಇರಲಿಲ್ಲ. ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು ಚೀಲ ಅಳವಡಿಸಲಾಯಿತು. ತೆಗೆದ ತುಂಡಿನ ಅಪಧಮನಿಗಳಲ್ಲಿ ಗೋಡೆ ಕೊಳೆತ ಹೊಸ ಗಾಯಗಳೂ ಮಾಗಿ ಗಟ್ಟಿಯಾದ ಹಳೆಯ ಗಾಯಗಳೂ ಅಕ್ಕಪಕ್ಕದಲ್ಲೇ ಇರುವುದನ್ನು ಪೆಥಾಲಜಿಯವರು ಗುರುತಿಸಿದರು. ಬೇರೆ ಬೇರೆ ವಯಸ್ಸಿನ ಗಾಯಗಳು ಒಟ್ಟಿಗೆ ಕಾಣುವುದು ಈ ಕಾಯಿಲೆಯ ಗುಣ. ಸೂಜಿ ಹಾಕಲು ಹಿಂಜರಿದಿದ್ದ ಪುರಾವೆ ಹೀಗೆ ದೊರಕಿತು. ಇನ್ನೂ ಅಗ್ಗದ ಬೆಲೆಗೆ ದೊರಕಿದ್ದರೆ ಚೆನ್ನಾಗಿತ್ತು.

ಪ್ಲಾಸ್ಮಾ ಬದಲಾವಣೆಯನ್ನು ಶಸ್ತ್ರಚಿಕಿತ್ಸೆಯ ಎರಡು ದಿನಗಳ ನಂತರ, ಡಯಾಲಿಸಿಸ್ ವಿಭಾಗದಲ್ಲಿ ಪ್ಲಾಸ್ಮಾ ಫಿಲ್ಟರ್ ಬಳಸಿ ಆರಂಭಿಸಲಾಯಿತು. ರಕ್ತ ಹೆಪ್ಪುಗಟ್ಟಿಸುವ ಅಂಶಗಳೂ ಪ್ಲಾಸ್ಮಾದ ಜೊತೆ ಹೊರಟುಹೋಗುವುದರಿಂದ, ಹೊಸ ಗಾಯವಿರುವವರಿಗೆ ಆಲ್ಬುಮಿನ್ ಎಂಬ ಪ್ರೋಟೀನಿನ ದ್ರಾವಣ ಒಂದನ್ನೇ ತುಂಬದೆ ದಾನಿಗಳ ಪ್ಲಾಸ್ಮಾವನ್ನೂ ಸೇರಿಸಬೇಕಾಯಿತು. ವಾರಕ್ಕೆ ಮೂರರಂತೆ ಮೂರು ವಾರ, ಆಮೇಲೆ ಅಂತರ ಹೆಚ್ಚಿಸುತ್ತಾ ಹೋಗಲಾಯಿತು. ಸ್ಟೀರಾಯ್ಡ್ ಅಷ್ಟರಲ್ಲಿ ಪೂರ್ತಿ ನಿಂತಿತ್ತು.

ಇದೇ ರೀತಿಯ ಬೇರೆ ಹೊಟ್ಟೆನೋವುಗಳು

ವಯಸ್ಕರಲ್ಲಿ ಹೊಟ್ಟೆಯ ಮೂಲಕ ಮೊದಲು ಮಾತನಾಡುವ ರಕ್ತನಾಳದ ಉರಿಯೂತ ಇದೊಂದೇ ಅಲ್ಲ. ಐಜಿಎ ವ್ಯಾಸ್ಕುಲೈಟಿಸ್ ಮಕ್ಕಳ ಕಾಯಿಲೆಯೆಂದು ಹೆಸರಾದರೂ ದೊಡ್ಡವರಿಗೂ ಬರುತ್ತದೆ. ಅದರಲ್ಲಿ ಸಣ್ಣ ನಾಳಗಳು ಸಿಲುಕುವುದರಿಂದ ನುಲಿಯುವ ನೋವಿನ ಜೊತೆ ಮಲದಲ್ಲಿ ರಕ್ತ ಹೋಗುವುದು ಹೆಚ್ಚು. ಕಾಲಿನ ಮೇಲೆ ಕೈಗೆ ತಾಗುವ ಕೆಂಪು ಚುಕ್ಕೆಗಳು ಏಳುವ ಮೊದಲೇ ಕೆಲವರಿಗೆ ಹೊಟ್ಟೆನೋವು ಬಂದು, ಅಪೆಂಡಿಕ್ಸ್ ಎಂದು ಹೊಟ್ಟೆ ಕೊಯ್ದದ್ದೂ ಉಂಟು. ವಯಸ್ಕರಲ್ಲಿ ಅದು ಮೂತ್ರಪಿಂಡದ ಸೋಸುಗಗಳನ್ನು ಹೆಚ್ಚು ಬಾಧಿಸುವುದರಿಂದ ಚುಕ್ಕೆ ಮಾಯವಾದ ಮೇಲೂ ತಿಂಗಳುಗಟ್ಟಲೆ ಮೂತ್ರ ಪರೀಕ್ಷೆ ಬಿಡುವಂತಿಲ್ಲ. ಲೂಪಸ್ (ರೋಗನಿರೋಧಕ ಶಕ್ತಿ ಸ್ವಂತ ದೇಹದ ಮೇಲೇ ತಿರುಗುವ ಕಾಯಿಲೆ) ಇರುವ ಹೆಣ್ಣುಮಕ್ಕಳಲ್ಲಿ ಹೊಟ್ಟೆನೋವು, ವಾಂತಿ, ಭೇದಿಯ ಜೊತೆ ಕರುಳಿನ ಉದ್ದಕ್ಕೂ ಬಾವು ಕಾಣಿಸಬಹುದು. ದಮ್ಮು ಮತ್ತು ಇಯೊಸಿನೋಫಿಲ್ ಎಂಬ ಬಿಳಿ ರಕ್ತಕಣಗಳ ಏರಿಕೆಯ ಹಿನ್ನೆಲೆಯಿದ್ದರೆ ಇನ್ನೊಂದು ಬಗೆಯ ರಕ್ತನಾಳ ಉರಿಯೂತವನ್ನು ನೆನೆಯಬೇಕು. ಚರ್ಮ, ನರ, ಮೂತ್ರ, ರಕ್ತದೊತ್ತಡ ಈ ನಾಲ್ಕನ್ನು ನೋಡದೆ ಇವುಗಳನ್ನು ಬೇರೆ ಮಾಡಲಾಗದು; ಎಂಡೋಸ್ಕೋಪಿ ಸಹಜವೆಂದು ಬಂದರೆ ಒಳಪದರ ಚೆನ್ನಾಗಿದೆ ಎಂದಷ್ಟೇ ತಿಳಿಯುತ್ತದೆ.

ತೀವ್ರತೆ ಅಳೆಯಲು 1996ರಿಂದ ಬಳಕೆಯಲ್ಲಿರುವ ಐದು ಅಂಶಗಳ ಪಟ್ಟಿಯಲ್ಲಿ ಮೂತ್ರದಲ್ಲಿ ಪ್ರೋಟೀನ್, ಕ್ರಿಯಾಟಿನಿನ್, ಹೃದಯ ಮತ್ತು ಮೆದುಳಿನ ಜೊತೆಗೆ ಜೀರ್ಣಾಂಗದ ತೀವ್ರ ತೊಂದರೆಯೂ ಒಂದು. ರಕ್ತನಾಳದ ಉರಿಯೂತವಿರುವವರು ‘ಸ್ವಲ್ಪ ಹೊಟ್ಟೆನೋವು’ ಎಂದರೂ ಸರ್ಜನ್‌ಗೆ ಅದೇ ದಿನ ತಿಳಿಸುವುದು ಈ ಪ್ರಕರಣದ ಬಳಿಕ ನಮ್ಮ ಘಟಕದಲ್ಲಿ ರೂಢಿಯಾಗಿದೆ. ಕ್ಷಯದ ಔಷಧಿ ಅಂದಾಜಿನ ಮೇಲೆ ಆರಂಭಿಸುವಾಗ ಮೊದಲೇ ಯಕೃತ್ತಿನ ಪರೀಕ್ಷೆ ಮತ್ತು ಹೆಪಟೈಟಿಸ್ ಬಿ, ಸಿ ಪರೀಕ್ಷೆ ಮಾಡಿಸುವುದನ್ನೂ ಕಡ್ಡಾಯ ಮಾಡಿಕೊಂಡಿದ್ದೇವೆ. ಕಿಣ್ವ ಏರದೆ ಹೋಗಿದ್ದರೆ ಈ ರೋಗಿಯ ವೈರಾಣು ಪತ್ತೆಯಾಗಲು ಇನ್ನಷ್ಟು ತಿಂಗಳು ಹಿಡಿಯುತ್ತಿತ್ತು.

ಮುಂದೆ ಆದದ್ದು

ಚೀಲದೊಂದಿಗಿನ ತಿಂಗಳುಗಳು ಕಷ್ಟದವು. ಪಂಚೆಯ ಗಂಟು ಸರಿಯಾಗಿ ಚೀಲದ ಮೇಲೆ ಬೀಳುತ್ತಿದ್ದುದರಿಂದ ಸೋರಿಕೆಯಾಗುತ್ತಿತ್ತು. ನರ್ಸ್ ಒಬ್ಬರು ಪಂಚೆಯನ್ನು ಹೊಕ್ಕುಳಿಗಿಂತ ಮೇಲೆ ಸುತ್ತಿ ಬೆಲ್ಟ್ ಬಿಗಿಯುವುದನ್ನು ಕಲಿಸಿದ ಮೇಲೆ ನಿಂತಿತು. ಚೀಲದಲ್ಲಿ ಉಪ್ಪು ನೀರು ಹೆಚ್ಚು ಹೋಗಿ ಒಮ್ಮೆ ಸುಸ್ತಾಗಿ ಬಿದ್ದರು, ಆ ಬಳಿಕ ಓಆರ್‌ಎಸ್ ಮತ್ತು ಉಪ್ಪು ಹಾಕಿದ ಮಜ್ಜಿಗೆ ದಿನದ ಲೆಕ್ಕಕ್ಕೆ ಸೇರಿದವು. ಆ ವರ್ಷದ ಖೇಣಿ ಕೈಬಿಟ್ಟು, ಕೊಟ್ಟ ಮುಂಗಡದಲ್ಲಿ ಅರ್ಧ ಮಾತ್ರ ಹಿಂದಿರುಗಿತು.

ಐದು ತಿಂಗಳ ನಂತರ ಚೀಲ ತೆಗೆಯಬೇಕೆಂದು ಅವರು ಪಟ್ಟುಹಿಡಿದಾಗ, ಮೊದಲು ಇನ್ನೊಂದು ಸಿ.ಟಿ. ಆಂಜಿಯೋಗ್ರಾಮ್ ಆಗಲಿ ಎಂಬ ಷರತ್ತು ಹಾಕಲಾಯಿತು. ಕರುಳಿನ ಕವಲುಗಳ ಗುಳ್ಳೆಗಳು ಮಾಯವಾಗಿದ್ದವು, ಮೂತ್ರಪಿಂಡದ ಕಡೆ ಒಂದು ಉಳಿದು ಕಿರಿದಾಗಿತ್ತು. ಕರುಳನ್ನು ಕೂಡಿಸಲಾಯಿತು, ಹೊಲಿಗೆ ಹಿಡಿಯಿತು. ತೂಕ 56ರಿಂದ 64 ಕೆ.ಜಿ.ಗೆ ಏರಿದೆ. ಎಡಪಾದ ಪಟ್ಟಿಯ ಆಸರೆಯಲ್ಲಿ ವರ್ಷದ ಹೊತ್ತಿಗೆ ಸುಮಾರಾಗಿ ಏಳುತ್ತದೆ, ಹೆಬ್ಬೆರಳು ಏಳುವುದಿಲ್ಲ. ಹಿಮ್ಮಡಿಗೆ ಬಾರ್ ಇರುವ ಚಪ್ಪಲಿಯೇ ಈಗ ಅವರ ಕಾಲಿಗೆ.

ಪತ್ನಿಗೆ ಮತ್ತು ಜೊತೆಯಲ್ಲಿರುವ ತಮ್ಮನಿಗೆ ಪರೀಕ್ಷೆ ಮಾಡಿಸಿದಾಗ ಸೋಂಕಿರಲಿಲ್ಲ, ಇಬ್ಬರಿಗೂ ಮೂರು ಡೋಸ್ ಲಸಿಕೆ ಹಾಕಿಸಲಾಯಿತು. ದೇಶದ ಮಕ್ಕಳ ಲಸಿಕಾ ಪಟ್ಟಿಯಲ್ಲಿ ಹೆಪಟೈಟಿಸ್ ಬಿ ಎಲ್ಲೆಡೆ ಸೇರಿದ್ದು 2011ರಲ್ಲಿ. ಇವರ ತಲೆಮಾರಿನವರಿಗೆ ಅದು ಸಿಕ್ಕಿರಲಿಲ್ಲ. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಮಾತ್ರೆಗಳು ಉಚಿತವಾಗಿ ದೊರೆಯುತ್ತಿವೆ. ಒಂಬತ್ತನೆಯ ತಿಂಗಳಲ್ಲಿ ಎಚ್‌ಬಿಇ ಆ್ಯಂಟಿಜನ್ ಹೋಗಿ ಅದರ ಪ್ರತಿಕಾಯ ಮೂಡಿದೆ, ರಕ್ತದಲ್ಲಿ ವೈರಾಣು ಅಳತೆಗೆ ಸಿಗುತ್ತಿಲ್ಲ. ಹಾಗೆಂದು ಮಾತ್ರೆ ನಿಲ್ಲಿಸಬಹುದೇ ಎಂದು ಅವರು ಪ್ರತಿ ಭೇಟಿಯಲ್ಲೂ ಕೇಳುತ್ತಾರೆ. ಪ್ರತಿಕಾಯ ಮೂಡಿದ ಬಳಿಕವೂ ಕನಿಷ್ಠ ಒಂದು ವರ್ಷ ಮುಂದುವರಿಸುವುದೆಂದು ಒಪ್ಪಂದವಾಗಿದೆ. ಮೂರು ತಿಂಗಳಿಗೊಮ್ಮೆ ಎ.ಎಲ್.ಟಿ., ಕ್ರಿಯಾಟಿನಿನ್ ಮತ್ತು ರಕ್ತದೊತ್ತಡ ನೋಡಲಾಗುತ್ತಿದೆ.